ಬೆನ್ನು ಯಾವ ಮರದ್ದು?

1862ರಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ಒಂದು ಗಿಟಾರ್ ಮಾಡಿದ. ಮುಖಕ್ಕೆ ತೆಳ್ಳನೆಯ ಸ್ಪ್ರೂಸ್ ಹಲಗೆ; ಬೆನ್ನಿಗೂ ಪಕ್ಕೆಗಳಿಗೂ ಬರೀ ರಟ್ಟು! ತಂತಿಯ ನಡುಕವನ್ನು ನಾದವಾಗಿಸುವುದು ಬಹುಪಾಲು ಮುಖದ ಹಲಗೆಯೇ ಎಂಬ ನಂಬಿಕೆಯನ್ನು ಆತ ಹೀಗೆ ಪರೀಕ್ಷೆಗೊಡ್ಡಿದ್ದ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಆದರೂ ಗಿಟಾರ್ ಕೊಳ್ಳುವವರು ಮೊದಲು ತಿರುಗಿಸಿ ನೋಡುವುದು ಬೆನ್ನನ್ನೇ.

ಬೆನ್ನಿನ ಮರಗಳಿಗೆ ಸಿಗುವ ಅಂತಸ್ತು ಎಷ್ಟು ಚಂಚಲವೆಂದು ತಿಳಿಯಲು ನಮ್ಮ ಬೀಟೆಯ ಕಥೆ ಸಾಕು. ಒಂದು ಕಾಲಕ್ಕೆ ಅಮೆರಿಕದ ಗಿಟಾರ್ ಲೋಕದಲ್ಲಿ ಬ್ರೆಜಿಲ್‌ನ ರೋಸ್‌ವುಡ್‌ಗೇ ಪಟ್ಟ. 1960ರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. 1969ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ ಪಶ್ಚಿಮಘಟ್ಟದ ಕಾಡುಗಳಲ್ಲೂ ಬೆಳೆಯುವ ಬೀಟೆಗೆ ಬಂತು. ಬದಲಿಯಾಗಿ ಬಂದ ಮರವೇ ಮುಂದೆ ಉತ್ತಮ ಗಿಟಾರಿನ ಗುರುತಾಯಿತು. ಈಗ ಬೀಟೆಯೂ ಅಪಾಯದಂಚಿನ ಮರ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಸ್ಪೇನಿನಲ್ಲಂತೂ ದುಬಾರಿ ಆಮದು ಮರ ಎಟುಕದವರಿಗೆಂದು ಊರಿನದೇ ಸೈಪ್ರೆಸ್‌ನಲ್ಲಿ ಮಾಡಿದ ಹಗುರ ಗಿಟಾರುಗಳ ಚುರುಕು ದನಿಯೇ ಫ್ಲಮೆಂಕೊದ ದನಿಯಾಯಿತು.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೆನ್ನಿನ ಮರದಿಂದ ನಾದ ಬದಲಾಗುತ್ತದೆಯೇ ಎಂದು ಕಿವಿಯನ್ನೇ ಕೇಳಿದರು. ಗಿಟಾರ್ ತಯಾರಕ ರೋಜರ್ ಬಕ್‌ನಾಲ್ ಮಾಡಿಕೊಟ್ಟ ಆರು ಗಿಟಾರುಗಳಲ್ಲಿ ಬೆನ್ನು, ಪಕ್ಕೆಗಳ ಮರವಷ್ಟೇ ಬೇರೆ: ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ವಾಲ್ನಟ್, ಸಪೇಲಿ. 52 ಗಿಟಾರ್ ವಾದಕರು ಮಬ್ಬು ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ನುಡಿಸಿದರು. ಅಗ್ಗದ ಸಪೇಲಿಗೂ ಅಪರೂಪದ ರೋಸ್‌ವುಡ್‌ಗೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಕಿವಿಯ ಮಾತು ಹಾಗಿರಲಿ. ಕೈಗೆ ಪ್ರತಿ ಮರವೂ ಬೇರೆಯೇ. ವಾಲ್ನಟ್ ಸೌಮ್ಯ ಮರ. ಒದ್ದೆ ಮಾಡಿ ಕಾದ ಕೊಳವೆಗೆ ಒತ್ತಿದರೆ ಪಕ್ಕೆಯ ತಿರುವಿಗೆ ಸಲೀಸಾಗಿ ಬಾಗುತ್ತದೆ. ಸಪೇಲಿಯ ಎಳೆಗಳು ಒಂದು ಪದರದಲ್ಲಿ ಆಚೆಗೆ, ಮುಂದಿನದರಲ್ಲಿ ಈಚೆಗೆ ವಾಲಿರುತ್ತವೆ; ಕೀಸುಳಿ ತುಸು ಮೊಂಡಾಗಿದ್ದರೂ ಚಕ್ಕೆ ಕಿತ್ತು ಬರುತ್ತದೆ. ಅವಸರಪಡದೆ ನಯಮಾಡಿ ಬೆಳಕಿಗೆ ಹಿಡಿದರೆ ಅದೇ ಎಳೆಗಳು ರೇಷ್ಮೆಯ ಪಟ್ಟೆಗಳಂತೆ ಮಿನುಗುತ್ತವೆ. ಈ ಮಿನುಗಿಗೆ ಸೋಲದ ಕುಶಲಕರ್ಮಿ ಇರಲಾರ.

ಕ್ಯಾಲಿಫೋರ್ನಿಯಾದ ಗಿಟಾರ್ ತಯಾರಕ ಬಾಬ್ ಟೇಲರ್ 1995ರಲ್ಲಿ ಮರದ ಅಂತಸ್ತಿನಲ್ಲಿ ಇನ್ನೂ ಕೆಳಗಿನ ಮೆಟ್ಟಿಲಿಗೆ ಇಳಿದರು. ಸರಕು ಹೊರುವ ಹಳೆಯ ಪ್ಯಾಲೆಟ್ಟಿನ ಓಕ್ ಹಲಗೆಗಳಿಂದ ಬೆನ್ನು, ಪಕ್ಕೆ. ಮುಖಕ್ಕೆ ಜಾತಿ ಗೊತ್ತಿಲ್ಲದ ಸಾಧಾರಣ ಕಟ್ಟಡದ ಮರ. ಮೊಳೆಯ ತೂತುಗಳನ್ನು ಮರೆಮಾಚದೆ ಎದ್ದು ಕಾಣುವಂತೆ ಉಳಿಸಿಕೊಂಡರು. ಬೆರಳಾಡುವ ಹಲಗೆಯ ಮೇಲೆ, ಸಾಮಾನ್ಯವಾಗಿ ಹೂಬಳ್ಳಿ ಕೂರಿಸುವ ಜಾಗದಲ್ಲಿ, ಒಂದು ಫೋರ್ಕ್‌ಲಿಫ್ಟಿನ ಚಿತ್ರ ಕೆತ್ತಿ ಕೂರಿಸಿದರು.