ಪ್ರಣಯದ ನಗೆ ಮತ್ತು ಗಂಡಿನ ನಾಚಿಕೆ

ಲಿಂಗದಹಳ್ಳಿಯ ಬಂಧುಗಳ ಮನೆಯಲ್ಲಿ ಕೆಲವು ದಿನ ತಂಗಿದ್ದಾಗ, ಕನ್ನಡ ಎಂ.ಎ. ಓದುತ್ತಿರುವ ಆ ಮನೆಯ ಹುಡುಗಿ ನನ್ನನ್ನೊಂದು ಪ್ರಶ್ನೆ ಕೇಳಿದಳು: "ದೊಡ್ಡಪ್ಪ, ಇಂಗ್ಲಿಷ್ ಕಾದಂಬರಿಗಳಲ್ಲಿ ಗಂಡಸು ತನ್ನ ಪ್ರೇಮದ ಫಜೀತಿಯನ್ನು ತಾನೇ ನಗುನಗುತ್ತ ಹೇಳಿಕೊಳ್ಳುತ್ತಾನೆ. ನಮ್ಮ ಹಳೆಯ ಜೈನ ಕಾವ್ಯಗಳಲ್ಲಿ ಅಂಥದ್ದು ಇದೆಯೋ, ಅಥವಾ ಎಲ್ಲವೂ ವೈರಾಗ್ಯವೋ?" ಅವಳ ಕೈಯಲ್ಲಿದ್ದುದು ನಿಕ್ ಹಾರ್ನ್‌ಬಿಯ 'ಹೈ ಫಿಡೆಲಿಟಿ' (1995). ಗ್ರಾಮಫೋನ್ ತಟ್ಟೆಗಳ ಅಂಗಡಿ ಇಟ್ಟುಕೊಂಡ ಒಬ್ಬ, ತನ್ನನ್ನು ತೊರೆದುಹೋದ ಹೆಂಗಸರ ಪಟ್ಟಿ ಮಾಡುತ್ತ ತನ್ನ ಸಣ್ಣತನವನ್ನು ತಾನೇ ಬಿಚ್ಚಿಡುವ ಕಥೆ ಅದು. ಜೈನ ಸಾಹಿತ್ಯವೆಂದರೆ ವೈರಾಗ್ಯವೆಂಬ ಮಾತನ್ನು ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ಆದರೆ ಆ ಪ್ರಶ್ನೆಯ ಮೊದಲ ಭಾಗ ಹೊಸದು. ಅದಕ್ಕೆ ಉತ್ತರವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಇಂಥ ಪ್ರಶ್ನೆಗೆ ಯಾರಾದರೂ ಮೊದಲು ನೆನೆಯುವುದು ನೇಮಿಚಂದ್ರನ 'ಲೀಲಾವತಿ ಪ್ರಬಂಧ'ವನ್ನು. 12ನೆಯ ಶತಮಾನದ ಉತ್ತರಾರ್ಧದ ಈ ಚಂಪೂಕಾವ್ಯದ ಕವಿ ಜೈನ. ಕಾವ್ಯವೋ ಆದ್ಯಂತ ಶೃಂಗಾರ. ಜಯಂತೀಪುರವೆಂಬ ಬನವಾಸಿಯ ರಾಜಕುಮಾರ ಕಂದರ್ಪ ಕನಸಿನಲ್ಲೊಬ್ಬ ಚೆಲುವೆಯನ್ನು ಕಾಣುತ್ತಾನೆ. ಅವಳು ಯಾರೆಂದು ತಿಳಿಯದೆ ಗೆಳೆಯ ಮಕರಂದನೊಡನೆ ಹುಡುಕಿಕೊಂಡು ಹೊರಡುತ್ತಾನೆ. ಅತ್ತ ಅವಳೂ ಇವನನ್ನು ಕನಸಿನಲ್ಲಿ ಕಂಡಿದ್ದಾಳೆ. ಸುಬಂಧುವಿನ 'ವಾಸವದತ್ತಾ' ಇದಕ್ಕೆ ಮಾದರಿ. ಕನಸಿನ ಹೆಣ್ಣಿಗಾಗಿ ಅರಮನೆ ಬಿಟ್ಟವನ ಕಥೆಯಲ್ಲಿ ನಗೆಗೆ ಬೇಕಾದ ಸಾಮಗ್ರಿಯೆಲ್ಲ ಇದೆ. ಪಕ್ಕದಲ್ಲಿ ಹಿತ ಹೇಳುವ ಗೆಳೆಯನೂ ಇದ್ದಾನೆ. ಆದರೂ ನೇಮಿಚಂದ್ರ ನಗುವುದಿಲ್ಲ. ಅವನ ನಾಯಕ ಎಲ್ಲಿಯೂ ಎಡವುವುದಿಲ್ಲ, ಯಾರೆದುರಿಗೂ ಸಣ್ಣವನಾಗುವುದಿಲ್ಲ. ವಿರಹದಲ್ಲಿಯೂ ಅವನದು ಅಲಂಕೃತವಾದ ವಿರಹ. ವರ್ಣನೆಯ ಸೊಗಸಿಗೆ ನಾನು ತಲೆದೂಗುತ್ತೇನೆ. ಆದರೆ ನಾಚಿಕೆಪಡಲು ಕಾರಣವೇ ಇಲ್ಲದ ಪ್ರೇಮಿಯಿಂದ ಹಾಸ್ಯ ಹುಟ್ಟದು.

ಹುಡುಗಿ ಕೇಳಿದ ವಸ್ತು ನಿಜವಾಗಿ ಸಿಗುವುದು ಯಾರೂ ಹುಡುಕದ ಒಂದು ಮೂಲೆಯಲ್ಲಿ, ಮತವಿಮರ್ಶೆಯ ಗ್ರಂಥವೊಂದರೊಳಗೆ. ಅಮಿತಗತಿ ಆಚಾರ್ಯ 1014ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಧರ್ಮಪರೀಕ್ಷಾ' ಅದು. 14ನೆಯ ಶತಮಾನದಲ್ಲಿ ವೃತ್ತವಿಲಾಸ ಅದನ್ನು ಕನ್ನಡಕ್ಕೆ ಚಂಪುವಾಗಿ ತಂದ. ಮನೋವೇಗನೆಂಬವನು ಗೆಳೆಯ ಪವನವೇಗನ ಮನಸ್ಸನ್ನು ತಿರುಗಿಸಲು ಪಾಟಲೀಪುತ್ರಕ್ಕೆ ಕರೆದೊಯ್ದು, ಅಲ್ಲಿಯ ವಿದ್ವಾಂಸರ ಮುಂದೆ ಅಸಂಬದ್ಧ ಕಥೆಗಳನ್ನು ಹೇಳಿ ವಾದಿಸುವುದು ಅದರ ಹಂದರ. ಆ ಕಥೆಗಳ ನಡುವೆ ನಾಲ್ವರು ಮೂರ್ಖರ ಪ್ರಸಂಗವೊಂದಿದೆ. ದಾರಿಯಲ್ಲಿ ಸಿಕ್ಕ ಮುನಿ ನಾಲ್ವರನ್ನೂ ಒಂದೇ ಮಾತಿನಲ್ಲಿ ಹರಸಿದ. ಹರಕೆ ಸಂದದ್ದು ಯಾರಿಗೆಂದು ಜಗಳ ಹತ್ತಿತು. ನಿಮ್ಮಲ್ಲಿ ಹೆಚ್ಚಿನ ಮೂರ್ಖನಿಗೆ ಎಂದುಬಿಟ್ಟ ಮುನಿ. ಸರಿ, ನಾಲ್ವರೂ ಊರೊಳಕ್ಕೆ ಹೋಗಿ, ಪೌರರ ಮುಂದೆ ನಿಂತು, ತಾನೇ ಎಲ್ಲರಿಗಿಂತ ದೊಡ್ಡ ಮೂರ್ಖನೆಂದು ರುಜುವಾತುಪಡಿಸಲು ತಂತಮ್ಮ ಕಥೆ ಹೇಳತೊಡಗಿದರು.

ನಾಲ್ಕೂ ದಾಂಪತ್ಯದ ಕಥೆಗಳೆಂಬುದನ್ನು ಗಮನಿಸಬೇಕು. ಒಬ್ಬನಿಗೆ ಇಬ್ಬರು ಹೆಂಡಿರು. ರಾತ್ರಿ ಅವನ ಎಡತೋಳಿನ ಮೇಲೊಬ್ಬಳು, ಬಲತೋಳಿನ ಮೇಲೊಬ್ಬಳು ಮಲಗಿದ್ದಾಗ, ಇಲಿಯೊಂದು ಉರಿಯುವ ಬತ್ತಿಯನ್ನು ಕಚ್ಚಿಕೊಂಡು ಹೋಗುತ್ತ ಅವನ ಕಣ್ಣ ಮೇಲೆ ಕೆಡವಿತು. ಬತ್ತಿಯನ್ನು ತೆಗೆಯಬೇಕಾದರೆ ತೋಳನ್ನು ಸರಿಸಬೇಕು. ಯಾರ ಕಡೆಯ ತೋಳು ಸರಿಸಿದರೂ ಅವಳಿಗೆ ಮುನಿಸು. ಅವನು ಅಲುಗಲಿಲ್ಲ, ಕಣ್ಣು ಹೋಯಿತು. ಇಬ್ಬರು ಹೆಂಡಿರ ಮತ್ತೊಬ್ಬ ಗಂಡನ ಕಾಲುಗಳನ್ನು ಅವರು ಒಂದೊಂದಾಗಿ ಹಂಚಿಕೊಂಡು ತೊಳೆಯುತ್ತಿದ್ದರು. ಮತ್ಸರ ಹುಟ್ಟಿ ಎರಡು ಕಾಲೂ ಮುರಿದವು. ಮೂರನೆಯವನು ತವರಿನಿಂದ ಹೆಂಡತಿಯನ್ನು ಕರೆತಂದ ರಾತ್ರಿ ಅವಳು ಮಾತಾಡಲೊಲ್ಲಳು. ಮೊದಲು ಬಾಯಿಬಿಟ್ಟವರು ಹತ್ತು ಕಜ್ಜಾಯ ಕೊಡಬೇಕೆಂದು ಪಂದ್ಯವಾಯಿತು. ಕಳ್ಳ ಬಂದು ಮನೆಯೆಲ್ಲ ದೋಚಿ, ಕಡೆಗೆ ಅವಳ ಸೀರೆಗೇ ಕೈಹಾಕಿದ. ಇನ್ನೂ ಸುಮ್ಮನಿದ್ದೀಯಲ್ಲ ಎಂದು ಅವಳು ಚೀರಿದಳು. ಗಂಡ ಹಿಗ್ಗಿ, ನೀನು ಸೋತೆ, ಹತ್ತು ಕಜ್ಜಾಯ ತಾ ಎಂದ. ನಾಲ್ಕನೆಯವನು ಮಾವನ ಮನೆಯಲ್ಲಿ ಸಂಕೋಚದಿಂದ ಉಣ್ಣದೆ, ಹಸಿವು ತಾಳಲಾರದೆ ಕಟ್ಟಿಲ ಕೆಳಗಿದ್ದ ಅಕ್ಕಿಯನ್ನು ಬಾಯಿಗೆ ತುರುಕಿಕೊಂಡ. ಅಷ್ಟರಲ್ಲಿ ಹೆಂಡತಿ ಬಂದಳು. ನುಂಗಲಾರ, ಉಗುಳಲಾರ. ಉಬ್ಬಿದ ಕೆನ್ನೆಯನ್ನು ಕಂಡ ಅತ್ತೆ ರೋಗವೆಂದು ಗಾಬರಿಗೊಂಡಳು. ವೈದ್ಯ ನಿಜವನ್ನು ಬಲ್ಲವನಾದರೂ ಕೆನ್ನೆ ಸೀಳಿ ಸಂಭಾವನೆ ಪಡೆದ.

ಇವು ಒರಟು ಕಥೆಗಳು. ಹೆಂಡಿರ ಚಿತ್ರಣ ಅಂದಿನ ಸಿದ್ಧ ಅಚ್ಚಿನದು. ಆದರೂ ಇಲ್ಲಿ ನಡೆದಿರುವುದು ಅಸಾಧಾರಣ. ಗಂಡಸು ತನ್ನ ಆಸೆ, ಅಂಜಿಕೆ, ಹೆಂಡತಿಯ ಮುಂದಿನ ಹುಸಿಬಿಗುಮಾನ ಇವನ್ನೆಲ್ಲ ತುಂಬಿದ ಸಭೆಯಲ್ಲಿ ತನ್ನ ಬಾಯಿಂದಲೇ, ಬಹುಮಾನಕ್ಕೆಂಬಂತೆ ಹೇಳಿಕೊಳ್ಳುತ್ತಾನೆ. ಅಕ್ಕಿ ಮುಕ್ಕಿದವನು ಕೆನ್ನೆಯನ್ನು ಸೀಳಿಸಿಕೊಂಡನೇ ಹೊರತು ಹೆಂಡತಿಗೆ ಹಸಿವೆಂದು ಹೇಳಲಿಲ್ಲ. ಆದರೆ ಊರಿಗೆಲ್ಲ ಹೇಳಿದ. ನಾಚಿಕೆಯನ್ನು ಹೇಳಬಲ್ಲ ಒಂದು ರೂಪ ಹಾಸ್ಯವೆಂಬುದು ಅಮಿತಗತಿಗೆ ತಿಳಿದಿತ್ತು. ಹಾರ್ನ್‌ಬಿಯ ಅಂಗಡಿಯವನನ್ನು ಈ ಪೌರಸಭೆಗೆ ಕರೆತಂದರೆ ಐದನೆಯವನಾಗಿ ನಿಲ್ಲಲು ಅವನಿಗೇನೂ ಅಡ್ಡಿಯಿಲ್ಲ.

ಹೇಳಲಾಗದೆ ಹೋದರೆ ಏನಾಗುತ್ತದೆ? ಅದಕ್ಕೆ ಉತ್ತರ ಕೊಟ್ಟವನು ಜನ್ನ. ಲಿಂಗದಹಳ್ಳಿಯಲ್ಲಿ ಕುಳಿತು ಅವನನ್ನು ನೆನೆಯದಿರುವುದು ಕಷ್ಟ. ಅದೇ ತರೀಕೆರೆ ಸೀಮೆಯ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ದೊಡ್ಡ ಶಾಸನದ ಪದ್ಯಗಳು ಅವನವು. ಶಿವಾಲಯದ ಶಾಸನಕ್ಕೆ ಜೈನ ಕವಿಯ ಲೇಖನಿ ಒದಗಿದ್ದು ಆ ಕಾಲಕ್ಕೆ ವಿಶೇಷವೇನಲ್ಲ. ವಿಶೇಷವೆಂದು ಕಾಣುವುದು ನಮಗೆ. ಅಮೃತಾಪುರಕ್ಕೆ ಹೋಗುವ ವಿದ್ಯಾರ್ಥಿಗಳು ಗೋಡೆಯ ಶಿಲ್ಪಗಳ ಮುಂದೆ ನಿಲ್ಲುವಷ್ಟು ಹೊತ್ತು ಆ ಕಲ್ಲಿನ ಮುಂದೆಯೂ ನಿಲ್ಲಬೇಕು.

ಜನ್ನನ 'ಯಶೋಧರ ಚರಿತೆ' 1209ರದು. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡೊಂದಕ್ಕೆ ಮನಸೋತು, ಹಾಡಿದ ಕುರೂಪಿ ಮಾವುತನನ್ನು ಒಲಿದಳು. ದೂತಿಯಾಗಿ ಹೋಗಿಬಂದ ಕೆಳದಿ ಅವನ ಅಂಗಾಂಗದ ವಿಕಾರವನ್ನು ಬಣ್ಣಿಸುವಲ್ಲಿ ಕವಿಗೆ ನಗೆ ಹೊರತಲ್ಲ. ಒಂದಿರುಳು ಯಶೋಧರ ಅವಳನ್ನು ಹಿಂಬಾಲಿಸಿದ. ತಡವಾಗಿ ಬಂದಳೆಂದು ಮಾವುತ ರಾಣಿಯನ್ನು ಹೊಡೆಯುವುದನ್ನೂ ಅವಳು ಅವನನ್ನು ಬೇಡಿಕೊಳ್ಳುವುದನ್ನೂ ಮರೆಯಲ್ಲಿ ನಿಂತು ಕಂಡ. ಹಿರಿದ ಕತ್ತಿಯನ್ನು ತಡೆದುಕೊಂಡು ಮರಳಿದ. ಮರುದಿನ ಸರಸವೆಂಬಂತೆ ನೈದಿಲೆಯಿಂದ ಅವಳನ್ನು ಮೆಲ್ಲನೆ ಹೊಡೆದ; ಅವಳು ಮೂರ್ಛೆ ಬಂದವಳಂತೆ ಕುಸಿದಳು. ಹಿಂದಿನ ರಾತ್ರಿ ಒದೆ ತಿಂದೂ ಕದಲದವಳು ಹೂವಿನೇಟಿಗೆ ಬಿದ್ದಳು. ಅವನು ವ್ಯಂಗ್ಯದಿಂದ ಉಪಚರಿಸುತ್ತಾನೆ. ಪ್ರಣಯಹಾಸ್ಯದ ಚಿರಪರಿಚಿತ ಹೂಗಳದ ಆಟವೇ ಇದು. ಆದರೆ ಓದುಗನಿಗೆ ನಗು ಬಾಯಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

ಬಹುತೇಕ ವಿಮರ್ಶೆ ಅಮೃತಮತಿಯ ಒಲವಿನ ಒಗಟನ್ನು ಬಿಡಿಸುವುದರಲ್ಲಿ ತೊಡಗಿದೆ. ನನ್ನ ಕಣ್ಣಿಗೆ ಬೀಳುವುದು ಅನಂತರದ ಗಳಿಗೆ. ಬಾಡಿದ ಮಗನ ಮುಖವನ್ನು ಕಂಡು ತಾಯಿ ಚಂದ್ರಮತಿ ಕಾರಣ ಕೇಳುತ್ತಾಳೆ. ಯಶೋಧರ ನಡೆದುದನ್ನು ನಡೆದಂತೆ ಹೇಳಲಾರ. ಕನಸೆಂದು ಮರೆಮಾಡಿ ಹೇಳುತ್ತಾನೆ. ತಾಯಿ ಅದನ್ನು ಕೆಟ್ಟ ಕನಸೆಂದೇ ನಂಬಿ ಶಾಂತಿಗೆ ಬಲಿಯನ್ನು ವಿಧಿಸುತ್ತಾಳೆ. ಅವನು ಒಪ್ಪದೆ, ಕಡೆಗೆ ಹಿಟ್ಟಿನ ಕೋಳಿಯ ಬಲಿಗೆ ಒಪ್ಪಂದವಾಗುತ್ತದೆ. ಆ ಸಂಕಲ್ಪಹಿಂಸೆಯೇ ತಾಯಿಮಕ್ಕಳನ್ನು ನವಿಲು ನಾಯಿಗಳಿಂದ ಮೊದಲಾಗಿ ಕೋಳಿಗಳವರೆಗೆ ಜನ್ಮಜನ್ಮ ಅಲೆಸುತ್ತದೆ. ಹಿಟ್ಟಿನ ಕೋಳಿಯಿಂದ ಕರ್ಮಸಿದ್ಧಾಂತವನ್ನು ಬೋಧಿಸುವ ನಾವು, ಆ ಕೋಳಿಗೆ ಹಿಟ್ಟು ಕಲಸಿದ್ದು ಗಂಡನೊಬ್ಬನ ಹೇಳಲಾಗದ ನಾಚಿಕೆಯೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಅವನು ತನ್ನ ಕಥೆಯನ್ನು ಮರೆಯಿಲ್ಲದೆ ಹೇಳುವುದು ಅಭಯರುಚಿಯಾಗಿ ಹುಟ್ಟಿ, ಮಾರಿಯ ಗುಡಿಯಲ್ಲಿ ಮಾರಿದತ್ತನ ಕತ್ತಿಯೆದುರು ನಿಂತಾಗ. ಆ ಹುಟ್ಟಿನಲ್ಲಿ ಅವನು ತನ್ನ ಮಗನಿಗೇ ಮಗ! ಇಷ್ಟೊಂದು ದೂರ ಬಂದ ಮೇಲೆ ಮಾತ್ರ ಅವನಿಗೆ ಮಾತು ಬಂದಿತು.

ಜನ್ಮಾಂತರವಿಲ್ಲದೆ ಈ ದೂರವನ್ನು ಪಡೆಯುವ ಸುಲಭೋಪಾಯ ಕಥೆಯನ್ನು ಗೆಳೆಯನ ಕೈಗೆ ಒಪ್ಪಿಸುವುದು. ಮಾಸ್ತಿಯವರ 'ರಂಗನ ಮದುವೆ' ಮಾಡಿದ್ದು ಅದನ್ನೇ. ಅವರ ತೀರ ಎಳೆವಯಸ್ಸಿನ ಬರಹಗಳಲ್ಲಿ ಒಂದಾದ ಈ ಕಥೆ, ಮುಂದೆ 1920ರ 'ಕೆಲವು ಸಣ್ಣ ಕಥೆಗಳು' ಸಂಗ್ರಹದಲ್ಲಿ ಸೇರಿತು. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಮರಳಿದ ರಂಗ, ಎಳೆಯ ಹುಡುಗಿಯನ್ನು ಮದುವೆಯಾಗೆನೆಂದು ತತ್ತ್ವ ಹೇಳುತ್ತಾನೆ. ನಿರೂಪಕ ಶ್ಯಾಮ ಅವನ ಕಿವಿಗೆ ರತ್ನೆಯ ಹಾಡು ಬೀಳುವಂತೆ ಮಾಡಿ, ಅವಳಿಗೆ ಮದುವೆಯಾಗಿದೆಯೆಂದು ಸುಳ್ಳು ಹೇಳಿ, ಶಾಸ್ತ್ರಿಗೆ ಮೊದಲೇ ಪಾಠ ಕಲಿಸಿಟ್ಟು, ತತ್ತ್ವವನ್ನು ಕರಗಿಸುತ್ತಾನೆ. ರಂಗನ ಮುಖ ಬಾಡುವುದೂ ಅರಳುವುದೂ ನಮಗೆ ಕಾಣುವುದು ಶ್ಯಾಮನ ತುಂಟಕಣ್ಣಿನಿಂದ. ರಂಗನೇ ಹೇಳಿದ್ದರೆ ಇದು ಒಲವಿನ ಗಂಭೀರ ಕಥೆಯಾಗುತ್ತಿತ್ತು. ಮಕರಂದನ ಕೈಗೆ 'ಲೀಲಾವತಿ'ಯನ್ನು ಕೊಟ್ಟಿದ್ದರೆ ಹೇಗಿರುತ್ತಿತ್ತೆಂದು ನಾನು ಆಗಾಗ ಊಹಿಸಿಕೊಳ್ಳುವುದುಂಟು.

ಕನ್ನಡದ ಪ್ರಣಯಹಾಸ್ಯದಲ್ಲಿ ಇದಕ್ಕಿಂತ ಹದವಾದ ಕಥೆ ವಿರಳ. ಆದರೂ ಇಂದು ಅದನ್ನು ತರಗತಿಯಲ್ಲಿ ಓದುವಾಗ ಒಂದೆಡೆ ತಡೆದು ನಿಲ್ಲಬೇಕಾಗುತ್ತದೆ. ರತ್ನೆಗೆ ಹನ್ನೊಂದು ವರ್ಷ. ಮೈಸೂರು ಸಂಸ್ಥಾನದ 1894ರ ಶಿಶುವಿವಾಹ ನಿಷೇಧದ ಕಾನೂನು ತಡೆದದ್ದು ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಆದ್ದರಿಂದ ಹೊಸಹಳ್ಳಿಯಲ್ಲಿ ಕಾನೂನು ಮೀರಿದವರು ಯಾರೂ ಇಲ್ಲ. ಮೀರಿದ್ದು ರಂಗನ ಮಾತು ಮಾತ್ರ, ಮತ್ತು ಕಥೆಯ ನಗೆಯೆಲ್ಲ ಆ ಮಾತು ಮುರಿಯುವುದರ ಮೇಲೆಯೇ ನಿಂತಿದೆ. ಶ್ಯಾಮ ರಂಗನ ಮನಸ್ಸನ್ನು ತಿಂಗಳುಗಟ್ಟಲೆ ಓದಬಲ್ಲ, ಶಾಸ್ತ್ರಿಯನ್ನು ಓದಬಲ್ಲ, ಊರನ್ನೇ ಓದಬಲ್ಲ. ಬಾಗಿಲಲ್ಲಿ ನಿಂತ ಅಪರಿಚಿತನನ್ನು ಕಂಡು ಥಟ್ಟನೆ ಹಾಡು ನಿಲ್ಲಿಸಿದ ಹುಡುಗಿಯ ಬಗೆಗೆ ಮಾತ್ರ ಅವನು, ಹಾಡು ನಿಂತಿತು, ಅವಳು ನಾಚಿ ಒಳಗೆ ಓಡಿದಳು ಎಂಬುದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.