ಸೋರುವ ಎಣ್ಣೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತು. ಅಲ್ಲಿ ತಯಾರಾದ ಯೆಜ್ಡಿ ಗಾಡಿಗಳಾದರೋ ಅಲ್ಲಲ್ಲಿ ಇನ್ನೂ ಓಡುತ್ತಿವೆ. ಅಂಥದೊಂದು ಕಾನಹೊಸಹಳ್ಳಿಯ ಮೇಷ್ಟರೊಬ್ಬರ ಮನೆಯಲ್ಲಿದ್ದಿತು. ಅದು ತೀರಿಕೊಂಡ ತಂದೆಯವರ ಗಾಡಿ. ನಿಂತಲ್ಲೆಲ್ಲ ಅಂಗೈಯಗಲ ಎಣ್ಣೆಯ ಕಲೆ ಬಿಡುತ್ತಿದ್ದಿತು. "ರಂಗೋಲಿಯ ಮೇಲೆ ದಿನವೂ ಈ ಜಿಡ್ಡೇನು? ಕೊಟ್ಟುಬಿಡ್ರಿ ಅದನ್ನ" ಎಂದು ಮನೆಯವರ ದೂರು. ಗುಜರಿಯವನು ಎರಡು ಸಲ ಬಂದು ಬೆಲೆ ಹೇಳಿ ಹೋಗಿದ್ದನು.

ಎಣ್ಣೆಯು ಇಂಜಿನಿನ ತಳದಿಂದ ತೊಟ್ಟಿಕ್ಕುತ್ತಿದ್ದುದರಿಂದ ಮೇಷ್ಟರು ಅಲ್ಲಿಯ ತಿರುಪುಗಳನ್ನೇ ಬಲವಾಗಿ ಬಿಗಿದರು. ಹೆಚ್ಚಿನವರು ಮಾಡುವುದು ಇದನ್ನೇ. ಅಲ್ಯೂಮಿನಿಯಮ್ಮು ಮೆದುವಾದ ಲೋಹ. ಒಂದು ತಿರುಪಿನ ಥ್ರೆಡ್ಡು ಕಿತ್ತುಬಂದಿತು. ಆ ಸಿಟ್ಟನ್ನೆಲ್ಲ ಹಿಂದೆ ಗ್ಯಾಸ್ಕೆಟ್ ಕೂರಿಸಿದ್ದ ಅಂಗಡಿಯ ಹುಡುಗನ ಮೇಲೆ ನಾಲ್ವರೆದುರಿಗೆ ತೀರಿಸಿಕೊಂಡರು. ಹುಡುಗನು ಮಾತನಾಡಲಿಲ್ಲ. ಅಂಗಡಿಯ ಮುದುಕ ಮಿಸ್ತ್ರಿ ಮಾತ್ರ, "ಮೇಷ್ಟ್ರೆ, ಎಣ್ಣೆ ಬೀಳೋ ಜಾಗ ಬೇರೆ, ಹೊರಡೋ ಜಾಗ ಬೇರೆ. ಮೊದಲು ತೊಳೀರಿ" ಎಂದನು.

ಸೀಮೆಎಣ್ಣೆಯಿಂದ ಇಂಜಿನನ್ನು ತೊಳೆದು, ಒರಸಿ, ಒಣಗಿಸಿ, ಶಾಲೆಯ ಸೀಮೆಸುಣ್ಣವನ್ನು ಪುಡಿಮಾಡಿ ಮೈಯೆಲ್ಲ ಉದುರಿಸಿದ್ದಾಯಿತು. ಹೆದ್ದಾರಿಯಲ್ಲಿ ಕೂಡ್ಲಿಗಿಯವರೆಗೆ ಹೋಗಿಬಂದರು. ಓಟದ ಗಾಳಿಯು ಎಣ್ಣೆಯನ್ನು ಹಿಂದಕ್ಕೆ ತಳ್ಳುವುದು, ತೂಕವು ಕೆಳಕ್ಕೆಳೆಯುವುದು. ಆದಕಾರಣ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಮುಂದಿನದನ್ನೂ ಹುಡುಕಬೇಕು. ಬಿಳಿಯ ಪುಡಿಯ ಮೇಲೆ ನೂಲಿನಂಥ ಕಪ್ಪು ಗೆರೆಯೊಂದು ಎಡಗಡೆಯ ಗೇರಿನ ಸನ್ನೆಯ ಬುಡದಿಂದ ಹೊರಟಿದ್ದಿತು. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಸನ್ನೆಯೆಂಬುದು ಬಲ್ಲವರಿಗೆ ತಿಳಿದೇ ಇದೆ. ಅದರ ದಂಡವು ಹೊರಬರುವಲ್ಲಿದ್ದ ರಬ್ಬರಿನ ಉಂಗುರವು ಕಲ್ಲಿನಂತಾಗಿತ್ತು. ಗ್ಯಾಸ್ಕೆಟ್ ನೆಟ್ಟಗಿತ್ತು, ಹುಡುಗನದೇನೂ ತಪ್ಪಿರಲಿಲ್ಲ.

ಉಂಗುರ ಬದಲಾಯಿತು. ಮುಚ್ಚಳವನ್ನು ಗಾಜಿನ ಮೇಲಿಟ್ಟು ಸೊಟ್ಟವಿಲ್ಲವೆಂದು ನೋಡಿ, ಹೊಸ ಗ್ಯಾಸ್ಕೆಟ್ ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರು. ನೆಲದ ಕಲೆ ನಿಂತಿತು.

ಆದರೆ ಹದಿನೈದು ದಿನಗಳಲ್ಲಿ ಗೇರುಪೆಟ್ಟಿಗೆಯ ಎಣ್ಣೆಯು ಮತ್ತೆ ಇಳಿದಿದ್ದಿತು, ಹೊರಗೆ ಒಂದು ತೊಟ್ಟೂ ಇಲ್ಲ! ಹೊಗೆ ಮಾತ್ರ ಬೆಳ್ಳಗೆ ದಟ್ಟವಾಗಿತ್ತು. ಪೆಟ್ರೋಲಿಗೆ ಎಣ್ಣೆ ಬೆರಸುವ ಇಂಜಿನಾದುದರಿಂದ ಹೊಗೆಯನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಕ್ರ್ಯಾಂಕಿನ ಎಡಗಡೆಯ ಸೀಲು ಸವೆದರೆ, ಪಿಸ್ಟನ್ನು ಮೇಲೇರಿದಾಗಲೆಲ್ಲ ಸರಪಣಿಯ ಮನೆಯ ಎಣ್ಣೆಯನ್ನು ಇಂಜಿನೇ ಹೀರಿ ಸುಟ್ಟುಬಿಡುತ್ತದೆ. ಈ ಸೋರಿಕೆಗೆ ಸುಣ್ಣದ ಪುಡಿಯ ಪರೀಕ್ಷೆ ನಡೆಯದು. ಕ್ಲಚ್ಚು, ಸರಪಣಿಗಳನ್ನು ಬಿಚ್ಚಿದಲ್ಲದೆ ಸೀಲು ಕೈಗೂ ಸಿಗದು.

ಅದನ್ನು ಬಿಚ್ಚಲು ಕುಳಿತವನು ಆ ಹುಡುಗನೇ. ಅಂದು ಆಡಿದ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ತೋಚದೆ ಮೇಷ್ಟರು ಕತ್ತಲಾಗುವವರೆಗೂ ಪಕ್ಕದಲ್ಲಿ ಕುಕ್ಕರಿಸಿ ಟಾರ್ಚು ಹಿಡಿದಿದ್ದರು. ಬೆಳಕು ಅತ್ತಿತ್ತ ಸರಿದಾಗ ಹುಡುಗನು, "ಸ್ವಲ್ಪ ಈ ಕಡೆ ಹಿಡೀರಿ ಸಾರ್" ಎಂದನು.