ನಾನು ಒಡೆದ ಹಂಚು

ಈ ಬೇಸಿಗೆ ರಜೆಯಲ್ಲಿ ಚರ್ಚಿನ ಯುವಜನ ಸಂಘದವರ ಜೊತೆ ನಾನೂ ಸೇವಾ ಶಿಬಿರಕ್ಕೆ ಹೋಗಿದ್ದೆ. ಮಳೆಗಾಲಕ್ಕೆ ಮೊದಲು ಒಬ್ಬ ಅಜ್ಜಿಯ ಮನೆಯ ಒಡೆದ ಹಂಚು ತೆಗೆದು ಬೇರೆ ಹಾಕುವ ಕೆಲಸ. ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸುವಾಗ, 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಕಥೆಯನ್ನು ಪಾದ್ರಿಯವರು ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ನಾನು ಎರಡು ಹಂಚು ಬೀಳಿಸಿಬಿಟ್ಟೆ. ತಂದದ್ದು ಲೆಕ್ಕದ ಹಂಚು!

ಅಜ್ಜಿ ಬೆಲ್ಲ ನೀರು ಕೊಟ್ಟು, "ಹಂಚು ಹೋದ್ರೆ ಹೋಗ್ಲಿ ಮಗಾ, ನಿನ್ನ ಕಾಲಿಗೆ ಬೀಳ್ಲಿಲ್ಲ ಅಲ್ವಾ?" ಅಂದರು. ಅಡುಗೆಮನೆಯ ಮೇಲೆ ಎರಡು ಒಡಕು ಹಂಚು ಹಾಗೇ ಉಳಿದವು.

ಮೊನ್ನೆ ರಾತ್ರಿ ಜೋರು ಮಳೆ. ನನಗೆ ನಿದ್ದೆಯೇ ಬರಲಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಎರಡು ಹಂಚು ತೆಗೆದುಕೊಂಡು ಭಾನುವಾರ ಅಣ್ಣನ ಜೊತೆ ಹೋಗುತ್ತೇನೆ. ಗೆಳೆಯರೇ, ಏಣಿ ಹಿಡಿಯಲು ಯಾರು ಬರುತ್ತೀರಿ?